ಪ್ಯಾರಿಸಿನ ಪಾಲುಪಟ್ಟಿ

1919ರ ಏಪ್ರಿಲ್ ಕೊನೆ. ಪ್ಯಾರಿಸಿನ ಪಕ್ಕದ ವರ್ಸೇಲ್ಸ್ ಊರಿನ ಹಳೆಯ ಹೋಟೆಲೊಂದರ ಅಂಗಳದಲ್ಲಿ ಪೆಟ್ಟಿಗೆಗಳ ರಾಶಿ ಬಿದ್ದಿತ್ತು. ಬರ್ಲಿನ್ನಿನಿಂದ ಬಂದಿಳಿದ ಜರ್ಮನ್ ನಿಯೋಗದ ಸಾಮಾನು ಅದು. ಒಳಗೆ ಸಾಗಿಸಲು ಫ್ರೆಂಚರು ಒಬ್ಬ ಆಳನ್ನೂ ಕೊಡಲಿಲ್ಲ. ನಿಮ್ಮ ಗಂಟು ನೀವೇ ಹೊತ್ತುಕೊಳ್ಳಿ ಎಂದುಬಿಟ್ಟರು. ದಾರಿಯಲ್ಲೂ ಇದೇ ಕಥೆ. ಉತ್ತರ ಫ್ರಾನ್ಸಿನ ಹಾಳುಬಿದ್ದ ಊರುಗಳ ನಡುವೆ ಅವರ ರೈಲನ್ನು ಬೇಕೆಂದೇ ನಿಧಾನವಾಗಿ ಓಡಿಸಿದ್ದರು, ತಮ್ಮ ಸೈನ್ಯ ಮಾಡಿಟ್ಟುಹೋದದ್ದನ್ನು ಕಿಟಕಿಯಿಂದ ಕಣ್ತುಂಬ ನೋಡಿಕೊಳ್ಳಲಿ ಎಂದು. ಹೋಟೆಲಿನ ಆಯ್ಕೆಯಲ್ಲೂ ಹಳೆಯ ಬಾಕಿಯ ಲೆಕ್ಕವಿತ್ತು: 1871ರಲ್ಲಿ ಸೋತ ಫ್ರಾನ್ಸಿನ ನಾಯಕರು ಬಿಸ್ಮಾರ್ಕನೊಡನೆ ಮಾತಾಡಲು ಬಂದಾಗ ತಂಗಿದ್ದದ್ದು ಅಲ್ಲಿಯೇ.

ನಿಯೋಗದಲ್ಲಿ ಸುಮಾರು 180 ಮಂದಿ ಇದ್ದರು. ಪೆಟ್ಟಿಗೆಗಳಲ್ಲಿ ಕಡತ, ಅಂಕಿಅಂಶ, ವಾದದ ಟಿಪ್ಪಣಿಗಳಿದ್ದವು. ಅವರು ಸಂಧಾನಕ್ಕೆಂದು ಬಂದಿದ್ದರು. ಯುದ್ಧದ ನಂತರ ಗೆದ್ದವರೂ ಸೋತವರೂ ಒಂದೇ ಮೇಜಿನ ಸುತ್ತ ಕೂತು ಮಾತಾಡುವುದು ಯುರೋಪಿನ ರೂಢಿ. ಕದನವಿರಾಮ ಕೇಳಿದಾಗಲೂ ಜರ್ಮನಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ನರ ಹದಿನಾಲ್ಕು ಅಂಶಗಳ ಆಧಾರದ ಮೇಲೆ ಎಂದೇ ಕೇಳಿತ್ತು. ಮಿತ್ರರಾಷ್ಟ್ರಗಳೂ ಕೆಲವು ಷರತ್ತು ಸೇರಿಸಿ ಅದಕ್ಕೆ ಹೂಂಗುಟ್ಟಿದ್ದವು. ಕೋಣೆಗಳಲ್ಲಿ ಕದ್ದು ಕೇಳುವ ಸಾಧನ ಇಟ್ಟಿರಬಹುದೆಂಬ ಅನುಮಾನದಿಂದ ಜರ್ಮನರು ಜೋರಾಗಿ ಸಂಗೀತ ಹಾಕಿಕೊಂಡು, ಅದರ ಸದ್ದಿನ ಮರೆಯಲ್ಲಿ ತಮ್ಮ ವಾದವನ್ನು ಹದಗೊಳಿಸುತ್ತಿದ್ದರು.

ಆ ವಾದ ನಡೆಯಲೇ ಇಲ್ಲ. ನಡೆಯದಿದ್ದದ್ದಕ್ಕೆ ಫ್ರಾನ್ಸಿನ ಪ್ರಧಾನಿ ಕ್ಲೆಮಾನ್ಸೊ ಎಂಬ ಮುದಿಹುಲಿಯ ಸೇಡು ಕಾರಣ ಎಂದು ಶಾಲೆಯಲ್ಲಿ ಓದಿದ್ದೇವೆ. ಸೇಡೇನೋ ಇತ್ತು. ಆದರೆ ನನ್ನ ಪ್ರಕಾರ ಮುಖ್ಯ ಕಾರಣ ಅದಲ್ಲ. ಗೆದ್ದವರು ತಮ್ಮತಮ್ಮಲ್ಲೇ ನೂರು ದಿನ ಕಾದಾಡಿ ಸುಸ್ತಾಗಿದ್ದರು. ಹಳ್ಳಿಯಲ್ಲಿ ಅಣ್ಣತಮ್ಮಂದಿರು ಪಾಲಾಗುವುದನ್ನು ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ತಿಂಗಳುಗಟ್ಟಲೆ ಕಿತ್ತಾಡಿ ಕಡೆಗೊಮ್ಮೆ ಪಾಲುಪಟ್ಟಿಗೆ ಎಲ್ಲರೂ ರುಜು ಹಾಕಿದ ಮೇಲೆ, ಯಾರಾದರೂ ಬಂದು ಆ ಒಂದು ಬದುವನ್ನು ಸ್ವಲ್ಪ ಸರಿಸಿ ಎಂದರೆ ನಾಲ್ವರೂ ಒಟ್ಟಾಗಿ ಅವನ ಮೇಲೆ ಬೀಳುತ್ತಾರೆ. ಒಂದು ಕಲ್ಲು ಅಲುಗಿದರೆ ಎಲ್ಲ ಕಲ್ಲೂ ಅಲುಗುತ್ತವೆ ಎಂದು ಅವರಿಗೆ ಗೊತ್ತು.

ಸಮ್ಮೇಳನ ಶುರುವಾದದ್ದು 1919ರ ಜನವರಿ 18ರಂದು, ಫ್ರಾನ್ಸಿನ ವಿದೇಶಾಂಗ ಕಚೇರಿಯ ಗಡಿಯಾರದ ಸಭಾಂಗಣದಲ್ಲಿ. 48 ವರ್ಷಗಳ ಹಿಂದೆ ಅದೇ ದಿನ ವರ್ಸೇಲ್ಸ್ ಅರಮನೆಯ ಕನ್ನಡಿಮಹಲಿನಲ್ಲಿ ಜರ್ಮನ್ ಸಾಮ್ರಾಜ್ಯದ ಘೋಷಣೆಯಾಗಿತ್ತು. ಸಭೆಗೆ ಕೊಟ್ಟ ಹೆಸರನ್ನು ಗಮನಿಸಬೇಕು: ಅದು ಶಾಂತಿಯ ಪೂರ್ವಭಾವಿ ಸಭೆ. ಮೊದಲು ನಾವು ನಾವು ಕೂತು ಏನು ಕೇಳಬೇಕೆಂದು ನಿಶ್ಚಯ ಮಾಡಿಕೊಳ್ಳೋಣ, ಆಮೇಲೆ ಜರ್ಮನಿಯನ್ನು ಕರೆಸಿ ನಿಜವಾದ ಸಮ್ಮೇಳನ ನಡೆಸೋಣ ಎಂಬುದು ಎಣಿಕೆ. ಆ ಎರಡನೆಯ ಸಮ್ಮೇಳನ ಬೇಡ ಎಂದು ಯಾರೂ ಯಾವತ್ತೂ ತೀರ್ಮಾನಿಸಲಿಲ್ಲ. ಪೂರ್ವಭಾವಿ ಸಭೆಯೇ ದಿನದಿನಕ್ಕೆ ಉಬ್ಬಿ ನಿಜವಾದ ಸಮ್ಮೇಳನವಾಗಿಬಿಟ್ಟಿತು. ಬ್ರಿಟಿಷ್ ನಿಯೋಗದಲ್ಲಿದ್ದ ಯುವ ರಾಜತಂತ್ರಜ್ಞ ಹೆರಾಲ್ಡ್ ನಿಕಲ್ಸನ್ ಮುಂದೆ ತನ್ನ ನೆನಪುಗಳಲ್ಲಿ ಈ ಜಾರಿಕೆಯನ್ನು ಬಹಳ ನೊಂದು ಬರೆದ. 50ಕ್ಕೂ ಹೆಚ್ಚು ಸಮಿತಿಗಳಿದ್ದವು. ಗಡಿಗೊಂದು, ಬಂದರಿಗೊಂದು, ರೈಲಿಗೊಂದು. ಹೇಗಿದ್ದರೂ ಮುಂದೆ ಚೌಕಾಸಿ ಆಗಿಯೇ ಆಗುತ್ತದೆ ಎಂದುಕೊಂಡು ಸಮಿತಿಯವರು ಸಂತೆಯಲ್ಲಿ ಮೊದಲ ಬೆಲೆ ಹೇಳುವವರಂತೆ ತುಸು ಏರಿಸಿಯೇ ಬರೆದರು. ಚೌಕಾಸಿ ಆಗಲಿಲ್ಲ. ಏರಿಸಿದ ಬೆಲೆಗಳೆಲ್ಲ ಕೂಡಿ ಒಪ್ಪಂದವಾದವು.

ಬಂದಿದ್ದ ದೇಶಗಳು 27. ಕೆಲಸ ನಡೆದದ್ದು ನಾಲ್ವರಿಂದ. ಮೊದಲು ಹತ್ತು ಜನರ ಮಂಡಳಿ ಇತ್ತು. ಅಲ್ಲಿ ನಡೆದದ್ದೆಲ್ಲ ಮರುದಿನದ ಪತ್ರಿಕೆಯಲ್ಲಿ ಬರುತ್ತಿದ್ದರಿಂದ ಬೇಸತ್ತು, ಮಾರ್ಚ್ 24ರಿಂದ ವಿಲ್ಸನ್, ಬ್ರಿಟನ್ನಿನ ಲಾಯ್ಡ್ ಜಾರ್ಜ್, ಫ್ರಾನ್ಸಿನ ಕ್ಲೆಮಾನ್ಸೊ, ಇಟಲಿಯ ಒರ್ಲಾಂಡೊ ಮಾತ್ರ ಕೂರತೊಡಗಿದರು, ಹೆಚ್ಚಾಗಿ ವಿಲ್ಸನ್ ಬಾಡಿಗೆಗಿದ್ದ ಮನೆಯ ಓದುವ ಕೋಣೆಯಲ್ಲಿ. ಮೊದಮೊದಲು ಕಾರ್ಯದರ್ಶಿಯೂ ಇರಲಿಲ್ಲ. ಪಾಲ್ ಮಾಂಟೂ ಎಂಬ ಪ್ರಾಧ್ಯಾಪಕ ದುಭಾಷಿ ಒಬ್ಬನೇ. ನಿನ್ನೆ ಏನು ನಿರ್ಧರಿಸಿದೆವು ಎಂಬುದೇ ಮರೆತುಹೋಗುತ್ತಿದ್ದುದರಿಂದ ಕೊನೆಗೆ ಬರೆದುಕೊಳ್ಳಲು ಬ್ರಿಟಿಷ್ ಸಂಪುಟದ ಕಾರ್ಯದರ್ಶಿ ಮಾರಿಸ್ ಹ್ಯಾಂಕಿಯನ್ನು ಒಳಗೆ ಕರೆದರು.

ಕ್ಲೆಮಾನ್ಸೊಗೆ ಆಗ 77 ವರ್ಷ. ಇಸುಬಿನಿಂದಾಗಿ ಕೈಗೆ ಸದಾ ಬೂದುಬಣ್ಣದ ಕೈಗವಸು. ಯೌವನದಲ್ಲಿ ಅಮೆರಿಕದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದ್ದವನು, ಅಮೆರಿಕದವಳನ್ನೇ ಮದುವೆಯಾಗಿದ್ದವನು. ಹಾಗಾಗಿ ಇಂಗ್ಲಿಷಿನ ವಾದ ದುಭಾಷಿಯಿಲ್ಲದೆ ಅರ್ಥವಾಗುತ್ತಿತ್ತು. ಫೆಬ್ರವರಿ 19ರಂದು ಅರಾಜಕತಾವಾದಿ ಯುವಕನೊಬ್ಬ ಅವನ ಕಾರಿನ ಮೇಲೆ ಗುಂಡು ಹಾರಿಸಿದ. ಒಂದು ಗುಂಡು ಎದೆಗೂಡಿನಲ್ಲಿ ಉಳಿದೇಹೋಯಿತು. ಇಷ್ಟು ಹತ್ತಿರದಿಂದಲೂ ಗುರಿ ತಪ್ಪುವವರನ್ನು ತಯಾರು ಮಾಡಿದ ದೇಶವಾಯಿತಲ್ಲ ನಮ್ಮದು ಎಂದು ಗೊಣಗಿಕೊಂಡೇ ಹತ್ತು ದಿನದಲ್ಲಿ ಕೆಲಸಕ್ಕೆ ಮರಳಿದ. ಅವನ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. ಅವನಿಗೆ ಬೇಕಾದದ್ದು ಒಂದೇ: ಮತ್ತೆ ಜರ್ಮನರು ರೈನ್ ನದಿ ದಾಟಿ ಬರಬಾರದು.

ಲಾಯ್ಡ್ ಜಾರ್ಜ್ ಆಗಷ್ಟೇ ಚುನಾವಣೆ ಗೆದ್ದು ಬಂದಿದ್ದ. ಕೈಸರನನ್ನು ನೇಣಿಗೇರಿಸಿ, ಜರ್ಮನಿಯಿಂದ ಕಾಸುಕಾಸು ವಸೂಲಿ ಮಾಡಿ ಎಂಬ ಕೂಗಿನ ಅಲೆಯ ಮೇಲೆ ತೇಲಿ ಬಂದವನು. ಭೂಗೋಳ ಅಷ್ಟಕ್ಕಷ್ಟೇ. ಪೋಲೆಂಡ್, ಚೆಕ್ ಎರಡೂ ಕಡೆಯವರು ಹೊಡೆದಾಡುತ್ತಿದ್ದ ಟೆಶೆನ್ ಎಂಬ ಜಾಗದ ಹೆಸರನ್ನೇ ತಾನು ಮೊದಲು ಕೇಳಿರಲಿಲ್ಲ ಎಂದು ಸಂಸತ್ತಿನಲ್ಲಿ ನಿಂತು ಒಪ್ಪಿಕೊಂಡ. ಆ ಪ್ರಾಮಾಣಿಕತೆಗೆ ಮೆಚ್ಚಬೇಕೋ, ಅಂಥವನ ಕೈಯಲ್ಲಿ ಗಡಿ ಎಳೆಯುವ ಪೆನ್ಸಿಲು ಇತ್ತಲ್ಲ ಎಂದು ಹೆದರಬೇಕೋ. ಏಷ್ಯಾ ಮೈನರ್ ಹಂಚುವಾಗ ವಿಲ್ಸನ್ ಮನೆಯ ರತ್ನಗಂಬಳಿಯ ಮೇಲೆ ದೊಡ್ಡ ನಕ್ಷೆ ಹರಡಿ, ಅದರ ಸುತ್ತ ಅಧ್ಯಕ್ಷರು, ಪ್ರಧಾನಿಗಳು ಮಂಡಿಯೂರಿ ಬಗ್ಗಿದ್ದನ್ನು ಕಂಡವರು ಬರೆದಿಟ್ಟಿದ್ದಾರೆ. ಅಲ್ಲಿದ್ದ ಊರುಗಳ ಜನ ಯಾರೂ ಆ ಕೋಣೆಯಲ್ಲಿರಲಿಲ್ಲ.

ಎತ್ತು ಏರಿಗೆ, ಕೋಣ ನೀರಿಗೆ. ಮಾರ್ಚ್ ಕೊನೆಯ ಹೊತ್ತಿಗೆ ಸಭೆ ಒಡೆಯುವ ಹಂತಕ್ಕೆ ಬಂತು. ಸಾರ್ ಕಲ್ಲಿದ್ದಲ ಸೀಮೆ ತನಗೇ ಬೇಕೆಂದ ಕ್ಲೆಮಾನ್ಸೊ, ಒಪ್ಪದ ವಿಲ್ಸನ್ನರನ್ನು ಜರ್ಮನರ ಪಕ್ಷಪಾತಿ ಎಂದು ಜರೆದು ಎದ್ದುಹೋದ. ಏಪ್ರಿಲ್ 3ರಂದು ವಿಲ್ಸನ್ ಜ್ವರದಿಂದ ಹಾಸಿಗೆ ಹಿಡಿದರು. ಮಲಗಿದಲ್ಲಿಂದಲೇ ತಮ್ಮ ಹಡಗು ‘ಜಾರ್ಜ್ ವಾಷಿಂಗ್ಟನ್’ ಅನ್ನು ಸಿದ್ಧಮಾಡಲು ಹೇಳಿ ಕಳಿಸಿದರು. ಊರಿಗೆ ಹೊರಟುಬಿಡುತ್ತೇನೆ ಎಂಬ ಬೆದರಿಕೆ. ಆಮೇಲೆ ರಾಜಿಯಾಯಿತು. ಸಾರ್ ಗಣಿಗಳು ಫ್ರಾನ್ಸಿಗೆ, ಆಡಳಿತ 15 ವರ್ಷ ರಾಷ್ಟ್ರಸಂಘಕ್ಕೆ, ಆಮೇಲೆ ಜನಮತಗಣನೆ. ರೈನ್ ನದಿಯ ಎಡದಂಡೆಯನ್ನು ಜರ್ಮನಿಯಿಂದ ಕಿತ್ತು ಬೇರೆ ಮಾಡಬೇಕೆಂದು ಸೇನಾಧಿಪತಿ ಫಾಶ್ ಪಟ್ಟು ಹಿಡಿದಿದ್ದ. ಕ್ಲೆಮಾನ್ಸೊ ಅದನ್ನು ಬಿಟ್ಟುಕೊಟ್ಟ. ಬದಲಿಗೆ 15 ವರ್ಷ ಅಲ್ಲಿ ಸೈನ್ಯ ಇಡುವ ಹಕ್ಕು, ಜೊತೆಗೆ ಜರ್ಮನಿ ಮತ್ತೆ ಏರಿಬಂದರೆ ಅಮೆರಿಕ ಮತ್ತು ಬ್ರಿಟನ್ ನೆರವಿಗೆ ಬರುತ್ತವೆ ಎಂಬ ಮುಚ್ಚಳಿಕೆ. ಫಾಶ್ ಸಿಟ್ಟಿನಿಂದ ಕುದಿದ.

ಇಟಲಿಯ ಪಾಲಿನದು ಬೇರೆಯೇ ರಗಳೆ. 1915ರಲ್ಲಿ ಲಂಡನ್ನಿನಲ್ಲಿ ಗುಟ್ಟಾಗಿ ಬರೆದುಕೊಟ್ಟ ಜಾಗಗಳ ಜೊತೆಗೆ ಫಿಯುಮೆ ಬಂದರೂ ಬೇಕೆಂದ ಒರ್ಲಾಂಡೊ. ವಿಲ್ಸನ್ ಒಪ್ಪಲಿಲ್ಲ, ಇಟಲಿಯ ಪ್ರಧಾನಿಯನ್ನು ಬದಿಗಿಟ್ಟು ಇಟಲಿಯ ಜನರಿಗೇ ನೇರವಾಗಿ ಮನವಿ ಪ್ರಕಟಿಸಿದರು. ಸಭೆಯಲ್ಲಿ ಕಣ್ಣೀರು ಹಾಕಿದ ಒರ್ಲಾಂಡೊ ಮುನಿಸಿಕೊಂಡು ರೋಮಿಗೆ ಹೊರಟುಹೋದ. ಪಾಲಿನ ಪಂಚಾಯಿತಿಯಲ್ಲಿ ಎದ್ದುಹೋದವನ ಗತಿ ಏನಾಗುತ್ತದೋ ಅದೇ ಆಯಿತು. ಇಟಲಿ ಕಣ್ಣಿಟ್ಟಿದ್ದ ಸ್ಮರ್ನಾದಲ್ಲಿ ಸೈನ್ಯ ಇಳಿಸಲು ಉಳಿದ ಮೂವರೂ ಗ್ರೀಸಿಗೆ ಅಪ್ಪಣೆ ಕೊಟ್ಟರು. ಜರ್ಮನರಿಗೆ ಕರಡು ಕೊಡುವ ಹೊತ್ತಿಗೆ ಒರ್ಲಾಂಡೊ ಬಾಲ ಮುದುರಿಕೊಂಡು ಹಿಂದಿರುಗಿದ.

ಜಪಾನ್ ಮಾತ್ರ ಸದ್ದಿಲ್ಲದೆ ಆಡಿತು. ರಾಷ್ಟ್ರಸಂಘದ ನಿಯಮಾವಳಿಯಲ್ಲಿ ಜನಾಂಗಗಳ ಸಮಾನತೆಯ ಮಾತು ಸೇರಿಸಿ ಎಂದು ಕೇಳಿತು. ಏಪ್ರಿಲ್ 11ರಂದು ಆ ನಿಯಮಾವಳಿಯ ಸಮಿತಿಯ 17 ಮಂದಿಯಲ್ಲಿ 11 ಮಂದಿ ಪರವಾಗಿದ್ದರು. ಅಧ್ಯಕ್ಷಪೀಠದಲ್ಲಿದ್ದ ವಿಲ್ಸನ್ ಇದಕ್ಕೆ ಸರ್ವಾನುಮತ ಬೇಕು ಎಂದು ಹೇಳಿ ತಳ್ಳಿಹಾಕಿದರು; ಆಸ್ಟ್ರೇಲಿಯಾದ ಹ್ಯೂಸ್ ಅದಾಗಲೇ ರಂಪ ಮಾಡಿಟ್ಟಿದ್ದ. ಅಲ್ಲಿ ಸೋತ ಜಪಾನಿಗೆ ಇಲ್ಲಿ ಏನಾದರೂ ಕೊಡಲೇಬೇಕಾಯಿತು. ಕೊಟ್ಟದ್ದು ಚೀನಾದ ಶಾನ್‌ಡಾಂಗ್‌ನಲ್ಲಿ ಜರ್ಮನಿಗಿದ್ದ ಹಕ್ಕುಗಳನ್ನು. ಚೀನಾವೂ ಗೆದ್ದವರ ಕಡೆಯಲ್ಲೇ ಇತ್ತು ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ. ಮೇ 4ರಂದು ಬೀಜಿಂಗಿನ ವಿದ್ಯಾರ್ಥಿಗಳು ಬೀದಿಗಿಳಿದರು.

ದುಡ್ಡಿನ ವಿಷಯದಲ್ಲಂತೂ ಗೆದ್ದವರ ನಡುವಿನ ಜಗಳವೇ ಇಡೀ ಶತಮಾನದ ಮುಖ ಕೆಡಿಸಿತು. ಜರ್ಮನಿ ಎಷ್ಟು ಕೊಡಬಲ್ಲದು? ಬ್ರಿಟನ್ನಿನ ಒಂದು ಸಮಿತಿ 2,400 ಕೋಟಿ ಪೌಂಡ್ ಎಂದಿತು. ಅರ್ಥಶಾಸ್ತ್ರಜ್ಞ ಕೇನ್ಸ್ ಇದ್ದ ಅಲ್ಲಿನ ಖಜಾನೆ ಇಲಾಖೆ ಹೆಚ್ಚೆಂದರೆ 300 ಕೋಟಿ ಎಂದಿತು. ಹಾಳಾದ ಊರು, ಹೊಲ, ಗಣಿಗಳಿಗೆ ಮಾತ್ರ ಪರಿಹಾರ ಎಂದಾದರೆ ಬಹುಪಾಲು ಹಣ ಫ್ರಾನ್ಸಿಗೂ ಬೆಲ್ಜಿಯಮ್ಮಿಗೂ ಹೋಗುತ್ತಿತ್ತು, ಏಕೆಂದರೆ ಬ್ರಿಟನ್ನಿನ ನೆಲದ ಮೇಲೆ ಯುದ್ಧವೇ ನಡೆದಿರಲಿಲ್ಲ. ಹಾಗಾಗಿ ಸೈನಿಕರ ವಿಧವೆಯರ, ಗಾಯಾಳುಗಳ ಪಿಂಚಣಿಯನ್ನೂ ಲೆಕ್ಕಕ್ಕೆ ಸೇರಿಸಿ ಎಂದು ಲಾಯ್ಡ್ ಜಾರ್ಜ್ ಹಟ ಹಿಡಿದ. ಇದು ಕದನವಿರಾಮದ ಮಾತಿಗೆ ಹೊಂದುವುದಿಲ್ಲ, ತರ್ಕವೇ ಇಲ್ಲ ಎಂದರು ಅಮೆರಿಕದ ವಕೀಲರು. ತರ್ಕ ಹಾಳಾಗಲಿ, ಸೇರಿಸಿ ಎಂದರು ವಿಲ್ಸನ್, ಅಷ್ಟು ದಣಿದಿದ್ದರು. ಒಟ್ಟು ಮೊತ್ತ ಎಷ್ಟೆಂದು ಬರೆದರೆ ಯಾವ ಮತದಾರನೂ ತೃಪ್ತನಾಗುವುದಿಲ್ಲ ಎಂದು ಹೆದರಿ ಅಂಕಿಯ ಜಾಗವನ್ನು ಖಾಲಿ ಬಿಟ್ಟರು. ಅಂಕಿ ಬಿದ್ದದ್ದು 1921ರಲ್ಲಿ: 13,200 ಕೋಟಿ ಚಿನ್ನದ ಮಾರ್ಕ್. ಅದರಲ್ಲಿ ಫ್ರಾನ್ಸಿಗೆ ನೂರಕ್ಕೆ 52, ಬ್ರಿಟನ್ನಿಗೆ 22.

ಕುಖ್ಯಾತವಾದ 231ನೆಯ ವಿಧಿ ಹುಟ್ಟಿದ್ದೂ ಈ ಜಗಳದಲ್ಲೇ. ಎಲ್ಲ ನಷ್ಟಕ್ಕೂ ಜರ್ಮನಿಯೇ ಕಾರಣ ಎಂದು ಬರೆಯದಿದ್ದರೆ ಲಂಡನ್, ಪ್ಯಾರಿಸ್ ಪತ್ರಿಕೆಗಳು ಬಿಡುವುದಿಲ್ಲ. ಎಲ್ಲ ನಷ್ಟವನ್ನೂ ಕಟ್ಟಿಸಿಕೊಳ್ಳಲು ಹೋದರೆ ಜರ್ಮನಿಯ ಕೈಯಲ್ಲಿ ಸಾಧ್ಯವಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಜಾನ್ ಫಾಸ್ಟರ್ ಡಲೆಸ್ ಎಂಬ ಅಮೆರಿಕದ ಯುವ ವಕೀಲ ಮತ್ತು ಅವನ ಜೊತೆಗಾರರು ದಾರಿ ಕಂಡುಕೊಂಡರು: 231ರಲ್ಲಿ ಹೊಣೆಯೆಲ್ಲ ಜರ್ಮನಿಯದೇ ಎನ್ನುವುದು, 232ರಲ್ಲಿ ಆದರೆ ಅಷ್ಟನ್ನೂ ಕೊಡುವ ಶಕ್ತಿ ಅದಕ್ಕಿಲ್ಲ ಎನ್ನುವುದು. ಅಂದರೆ ಅದು ಮುಖ್ಯವಾಗಿ ಗೆದ್ದವರನ್ನು ಸಮಾಧಾನಪಡಿಸಲು ಬರೆದ ಸಾಲು. ಅಂಥದೇ ಸಾಲನ್ನು ಆಸ್ಟ್ರಿಯಾ, ಹಂಗೇರಿಗಳ ಒಪ್ಪಂದಗಳಲ್ಲೂ ಬರೆದರು. ಜರ್ಮನರು ಮಾತ್ರ ಅದನ್ನು ಹಣೆಗೆ ಒತ್ತಿದ ಬರೆ ಎಂದೇ ಓದಿಕೊಂಡರು. ಮುಂದಿನ ಇಪ್ಪತ್ತು ವರ್ಷ ಅಲ್ಲಿನ ಯಾವ ರಾಜಕಾರಣಿಯೂ ಆ ಬರೆಯನ್ನು ಮರೆಯಲು ಬಿಡಲಿಲ್ಲ.

ಇವೆಲ್ಲ ಸೇರಿ 440 ವಿಧಿಗಳಾದವು. ಎಲ್ಲವನ್ನೂ ಒಟ್ಟಿಗೆ ಮೊದಲಿನಿಂದ ಕೊನೆಯವರೆಗೆ ಓದಿದವರು ನಾಯಕರಲ್ಲಿ ಯಾರೂ ಇರಲಿಲ್ಲ. ಮೇ 7ರ ಬೆಳಗಿನ ಜಾವ ನಾಲ್ಕು ಗಂಟೆಗೆ, ಆಹಾರ ಪರಿಹಾರದ ಹೊಣೆ ಹೊತ್ತಿದ್ದ ಹರ್ಬರ್ಟ್ ಹೂವರನ ಬಾಗಿಲು ತಟ್ಟಿ ಅಚ್ಚಾದ ಪ್ರತಿ ಕೊಟ್ಟುಹೋದರು. ಓದಿದ ಹೂವರ್ ನಿದ್ದೆ ಬಾರದೆ ಬೀದಿಗಿಳಿದು ನಡೆದ. ಖಾಲಿ ಬೀದಿಯಲ್ಲಿ ಎದುರಾದವರು ದಕ್ಷಿಣ ಆಫ್ರಿಕಾದ ನಾಯಕ ಸ್ಮಟ್ಸ್ ಮತ್ತು ಕೇನ್ಸ್. ಅವರೂ ಅದನ್ನೇ ಓದಿ ಎದ್ದು ಬಂದಿದ್ದರು. ಬಿಡಿಬಿಡಿಯಾಗಿ ನೋಡಿದಾಗ ಸರಿಯೆನಿಸಿದ್ದು ಒಟ್ಟಾಗಿ ಏನಾಗಿದೆ ಎಂಬುದು ಆ ಬೆಳಿಗ್ಗೆ ಮೂವರಿಗೂ ಕಂಡಿತು.

ಅಂದು ಮಧ್ಯಾಹ್ನ ವರ್ಸೇಲ್ಸ್‌ನ ಟ್ರಿಯಾನನ್ ಪ್ಯಾಲೇಸ್ ಹೋಟೆಲಿನಲ್ಲಿ ಜರ್ಮನರನ್ನು ಕರೆದರು. ಕ್ಲೆಮಾನ್ಸೊ ಎದ್ದುನಿಂತು, ಲೆಕ್ಕ ಚುಕ್ತಾ ಮಾಡುವ ಹೊತ್ತು ಬಂದಿದೆ ಎಂಬರ್ಥದ ನಾಲ್ಕು ಮಾತಾಡಿದ. ಬಾಯಿಮಾತಿನ ಚರ್ಚೆ ಇಲ್ಲ. ಹೇಳುವುದಿದ್ದರೆ 15 ದಿನದೊಳಗೆ ಬರೆದು ಕೊಡಿ. ಜರ್ಮನ್ ವಿದೇಶಾಂಗ ಸಚಿವ ಕೌಂಟ್ ಬ್ರಾಕ್‌ಡಾರ್ಫ್-ರಾಂಟ್ಸೌ ಎರಡು ಭಾಷಣ ಬರೆದು ತಂದಿದ್ದ, ಒಂದು ಚಿಕ್ಕದು, ಒಂದು ಉದ್ದನೆಯದು. ಉದ್ದನೆಯದನ್ನೇ ತೆಗೆದ. ಕೂತುಕೊಂಡೇ ಓದಿದ. ಕಾಲು ನಡುಗುತ್ತಿತ್ತೋ, ಬೇಕೆಂದೇ ಕೂತನೋ, ಇಂದಿಗೂ ವಾದವಿದೆ. ಕೋಣೆಯಲ್ಲಿದ್ದವರಿಗೆ ಅದು ಸೊಕ್ಕಾಗಿ ಕಂಡಿತು. ಕದನವಿರಾಮದ ನಂತರವೂ ನೀವು ಮುಂದುವರಿಸಿದ ದಿಗ್ಬಂಧನದಿಂದ ಲಕ್ಷಗಟ್ಟಲೆ ನಿರಪರಾಧಿಗಳು ಸತ್ತರು ಎಂದು ಅವನು ಓದುವಾಗ ಕ್ಲೆಮಾನ್ಸೊನ ಮುಖ ಕೆಂಪೇರಿತು. ಲಾಯ್ಡ್ ಜಾರ್ಜ್ ಕೈಯಲ್ಲಿದ್ದ ಕಾಗದ ಕತ್ತರಿಸುವ ದಂತದ ಚಾಕು ಪಟಕ್ಕನೆ ಮುರಿಯಿತು. ಹೊರಗೆ ಬಂದ ಕೌಂಟ್ ಮೆಟ್ಟಿಲ ಮೇಲೆ ಸಿಗರೇಟು ಹಚ್ಚಿದ.

ನೂರು ವರ್ಷ ಹಿಂದೆ ನೆಪೋಲಿಯನ್ನನ ನಂತರ ವಿಯೆನ್ನಾದಲ್ಲಿ ಹೀಗಾಗಿರಲಿಲ್ಲ. ಸೋತ ಫ್ರಾನ್ಸಿನ ಪ್ರತಿನಿಧಿ ಟ್ಯಾಲಿರಾನ್ 1814ರಲ್ಲಿ ಸಭೆಯೊಳಗೆ ನುಸುಳಿ, ಗೆದ್ದವರ ನಡುವಿನ ಬಿರುಕನ್ನು ಬಳಸಿಕೊಂಡು, 1815ರ ಜನವರಿಯಲ್ಲಿ ಬ್ರಿಟನ್, ಆಸ್ಟ್ರಿಯಾಗಳ ಜೊತೆ ಗುಟ್ಟಾಗಿ ಒಪ್ಪಂದವನ್ನೇ ಮಾಡಿಕೊಂಡ. ಆ ಚರಿತ್ರೆಯನ್ನು ಬರೆದುಕೊಡು ಎಂದು ಬ್ರಿಟನ್ನಿನ ವಿದೇಶಾಂಗ ಇಲಾಖೆ ಚಾರ್ಲ್ಸ್ ವೆಬ್‌ಸ್ಟರ್ ಎಂಬ ಇತಿಹಾಸಕಾರನಿಗೆ ಹೇಳಿತ್ತು. ಅದರಿಂದ ಅವರು ಕಲಿತ ಪಾಠ, ಸೋತವನನ್ನು ಒಳಗೆ ಬಿಡಬಾರದು ಎಂಬುದು. ವಿಯೆನ್ನಾದ ಶಾಂತಿ ದಶಕಗಳ ಕಾಲ ಬಾಳಿದ್ದಕ್ಕೂ ಟ್ಯಾಲಿರಾನ್ ಒಳಗಿದ್ದದ್ದಕ್ಕೂ ಸಂಬಂಧ ಇರಬಹುದೇ ಎಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಜೂನ್ ಒಂದರಂದು ಲಾಯ್ಡ್ ಜಾರ್ಜ್ ತನ್ನ ಸಚಿವರನ್ನು ಪ್ಯಾರಿಸಿಗೆ ಕರೆಸಿಕೊಂಡ. ಜರ್ಮನರ ದೀರ್ಘ ಉತ್ತರ ಬಂದಿತ್ತು, ಅವನಿಗೂ ಒಳಗೊಳಗೇ ಅಳುಕು ಶುರುವಾಗಿತ್ತು. ಪೋಲೆಂಡಿನ ಗಡಿ, ರೈನ್ ಸೈನ್ಯ, ಪರಿಹಾರ, ಎಲ್ಲವನ್ನೂ ಸ್ವಲ್ಪ ಸಡಿಲಿಸೋಣ ಎಂದ. ಪಾಲುಪಟ್ಟಿಯ ಕಲ್ಲಿಗೆ ಕೈಹಾಕಿದಂತಾಯಿತು. ಕ್ಲೆಮಾನ್ಸೊ ಬಿಲ್‌ಕುಲ್ ಆಗದು ಎಂದ. ವಿಚಿತ್ರವೆಂದರೆ ವಿಲ್ಸನ್ನರೂ ಸಿಡುಕಿದರು: ಬರೆಯುವಾಗ ಇಲ್ಲದ ನ್ಯಾಯಬುದ್ಧಿ ಜರ್ಮನರು ಸಹಿ ಹಾಕಲಿಕ್ಕಿಲ್ಲ ಎಂಬ ಭಯದಿಂದ ಈಗ ಬಂತೇ ಎಂದು ತಮ್ಮವರ ಮುಂದೆ ಬೇಸರಪಟ್ಟುಕೊಂಡರು. ಕೊನೆಗೆ ಅಪ್ಪರ್ ಸೈಲೀಷಿಯಾದಲ್ಲಿ ಜನಮತಗಣನೆ ಎಂಬುದೊಂದು ಸಿಕ್ಕಿತು, ಇನ್ನು ಕೆಲವು ಚಿಲ್ಲರೆ ತಿದ್ದುಪಡಿ. ಜೂನ್ 16ರಂದು ಕೊನೆಯ ಉತ್ತರ ಹೋಯಿತು: ಒಪ್ಪಿ, ಇಲ್ಲವೇ ಸೈನ್ಯ ಮುಂದೆ ಬರುತ್ತದೆ. ಬರ್ಲಿನ್ನಿನ ಸರ್ಕಾರ ರಾಜೀನಾಮೆ ಕೊಟ್ಟಿತು. ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋದಲ್ಲಿ ಸೆರೆಯಲ್ಲಿದ್ದ ಜರ್ಮನ್ ನಾವಿಕರು ತಮ್ಮ ಹಡಗುಗಳಿಗೆ ತಾವೇ ನೀರು ಬಿಟ್ಟು 52ನ್ನು ಮುಳುಗಿಸಿದರು. ಜೂನ್ 23ರ ಸಂಜೆ ಏಳಕ್ಕೆ ಗಡುವು. ಎರಡು ಗಂಟೆಗೂ ಕಡಿಮೆ ಇದ್ದಾಗ ಒಪ್ಪಿಗೆ ಬಂತು.

ಜೂನ್ 28, ಕನ್ನಡಿಮಹಲು. ಯುದ್ಧಕ್ಕೆ ಕಿಡಿ ಹಚ್ಚಿದ ಗುಂಡು ಸರಯೇವೋದಲ್ಲಿ ಹಾರಿ ಅಂದಿಗೆ ಸರಿಯಾಗಿ ಐದು ವರ್ಷ. ಮುಖ ಛಿದ್ರವಾದ ಐವರು ಫ್ರೆಂಚ್ ಸೈನಿಕರನ್ನು ಕರೆತಂದು ಜರ್ಮನರ ಕಣ್ಣಿಗೆ ಬೀಳುವಲ್ಲಿ ನಿಲ್ಲಿಸಿದ್ದರು. ಚೀನಾದ ಕುರ್ಚಿಗಳು ಖಾಲಿ. ಹರ್ಮನ್ ಮುಲ್ಲರ್, ಯೊಹಾನೆಸ್ ಬೆಲ್ ಎಂಬ ಇಬ್ಬರು ಸಚಿವರು ಜರ್ಮನಿಯ ಪರವಾಗಿ ಮುಂದೆ ಬಂದರು. ಮೇಜಿನ ಮೇಲಿಟ್ಟ ಪೆನ್ನುಗಳನ್ನು ಮುಟ್ಟದೆ ಜೇಬಿನಿಂದ ತಮ್ಮವನ್ನೇ ತೆಗೆದು ಸಹಿ ಹಾಕಿದರು.

ಭಾರತದ ಸಹಿಯೂ ಅಲ್ಲಿದೆ. ಹಾಕಿದವರು ಬ್ರಿಟನ್ನಿನ ಭಾರತ ಸಚಿವ ಮಾಂಟೆಗು ಮತ್ತು ಬಿಕಾನೇರಿನ ಮಹಾರಾಜ ಗಂಗಾಸಿಂಗ್. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲಾಚೆ ಹೋಗಿ ದುಡಿದ, ಕಾದಿದ ಯುದ್ಧ ಅದು. ಕಾಂಗ್ರೆಸ್ಸು ಪ್ಯಾರಿಸಿಗೆ ತನ್ನ ಪ್ರತಿನಿಧಿಗಳೆಂದು ಹೆಸರಿಸಿದವರಲ್ಲಿ ತಿಲಕರಿದ್ದರು. ಅವರಿಗೆ ಬಾಗಿಲು ತೆರೆಯಲಿಲ್ಲ. ಕ್ಲೆಮಾನ್ಸೊಗೆ ಪತ್ರ ಬರೆದು ಸುಮ್ಮನಾಗಬೇಕಾಯಿತು. ಸಹಿಯಾದ ದಿನಕ್ಕೆ ಜಲಿಯನ್‌ವಾಲಾ ಬಾಗ್ ನಡೆದು ಮೂರು ತಿಂಗಳೂ ತುಂಬಿರಲಿಲ್ಲ. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು ಹಿಂದಿನ ವರ್ಷದ ಸೆಪ್ಟೆಂಬರ್ 23ರಂದು ಕಾರ್ಮೆಲ್ ಬೆಟ್ಟ ಹತ್ತಿ, ಜೋಧಪುರದವರ ಜೊತೆಗೂಡಿ ಹೈಫಾ ಊರನ್ನು ಗೆದ್ದುಕೊಟ್ಟಿದ್ದರು. ಆ ಊರಿದ್ದ ಪ್ಯಾಲೆಸ್ಟೈನ್ 1920ರಲ್ಲಿ ಬ್ರಿಟನ್ನಿನ ಪಾಲಿಗೆ ಹೋಯಿತು. ಸವಾರರ ಹೆಸರು ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕದಲ್ಲಿ ಉಳಿಯಿತು.

ಕನ್ನಡಿಮಹಲಿನ ಸಹಿಗಳ ದಿನವೇ ಇನ್ನೊಂದು ಕಾಗದಕ್ಕೂ ಸಹಿಯಾಗಿತ್ತು. ರೈನ್ ದಂಡೆಯನ್ನು ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಕ್ಲೆಮಾನ್ಸೊಗೆ ಸಿಕ್ಕ ಮುಚ್ಚಳಿಕೆ ಅದು. ವಿಲ್ಸನ್ ಅದನ್ನು ವಾಷಿಂಗ್ಟನ್ನಿಗೆ ಕೊಂಡೊಯ್ದರು. ಮೂಲ ಒಪ್ಪಂದವನ್ನು ಸೆನೆಟ್ ನವೆಂಬರಿನಲ್ಲೊಮ್ಮೆ, ಮುಂದಿನ ಮಾರ್ಚಿನಲ್ಲೊಮ್ಮೆ ಬೀಳಿಸಿತು. ಈ ಚಿಕ್ಕ ಕಾಗದವನ್ನು ಮತಕ್ಕೆ ಹಾಕುವ ಗೋಜಿಗೂ ಹೋಗಲಿಲ್ಲ. ಅಮೆರಿಕ ಒಪ್ಪಿದರೆ ಮಾತ್ರ ನಾವೂ ಬದ್ಧ ಎಂದು ಬ್ರಿಟನ್ ಮೊದಲೇ ಸಾಲೊಂದನ್ನು ಸೇರಿಸಿಟ್ಟಿತ್ತು. ಎರಡೂ ಒಟ್ಟಿಗೇ ರದ್ದಾದವು. ಅಷ್ಟರಲ್ಲಿ ಕ್ಲೆಮಾನ್ಸೊ ಅಧಿಕಾರ ಬಿಟ್ಟಿದ್ದ. ದೇಶ ಸುತ್ತಲು ಹೊರಟು, ಪ್ಯಾರಿಸಿನಲ್ಲಿ ಪರಿಚಯವಾದ ಗಂಗಾಸಿಂಗರ ಅತಿಥಿಯಾಗಿ ಬಿಕಾನೇರಿಗೆ ಬಂದ. ಎದೆಯಲ್ಲಿ ಗುಂಡಿಟ್ಟುಕೊಂಡೇ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಇಲ್ಲಿ ಹುಲಿ ಬೇಟೆಯಾಡಿ ಹೋದ.